ಗೇಮ್ ತಡವರಿಸಿದರೆ ಯಾವ ಪಾರ್ಟ್ ಬದಲಿಸಬೇಕು?

"ಗೇಮ್ ಸ್ಮೂತ್ ಆಗಿ ಓಡ್ತಿಲ್ಲ, ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ?" ಎಂದು ಕೇಳಿದರೆ ಎಲ್ಲರೂ ಒಂದೊಂದು ಕಾರ್ಡಿನ ಹೆಸರು ಹೇಳುತ್ತಾರೆ. ತೊಂದರೆ ಕಾರ್ಡಿನಲ್ಲೇ ಇದೆ ಎಂದು ಅಲ್ಲಿಯವರೆಗೆ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಹೊಸ ಕಾರ್ಡ್ ಹಾಕಿದ ಮೇಲೂ ಅದೇ ಜಾಗದಲ್ಲಿ, ಅದೇ ರೀತಿ ಚಿತ್ರ ಸಿಕ್ಕಿಹಾಕಿಕೊಳ್ಳುವುದು ಈ ಕಾರಣಕ್ಕೆ. ಕೊಳ್ಳುವ ಮೊದಲು ಅರ್ಧ ಗಂಟೆ ಅಳತೆಗೆ ಕೊಟ್ಟರೆ ಈ ಹಣ ಉಳಿಯುತ್ತದೆ.

ಮೊದಲು ದೂರು ಯಾವುದು ಎಂದು ಬಿಡಿಸಿಕೊಳ್ಳಬೇಕು. ಎಫ್‌ಪಿಎಸ್ (ಸೆಕೆಂಡಿಗೆ ಬರುವ ಫ್ರೇಮ್, ಅಂದರೆ ಚಿತ್ರಗಳ ಸಂಖ್ಯೆ) ಕಡಿಮೆ ಇರುವುದು ಒಂದು ದೂರು, ಎಫ್‌ಪಿಎಸ್ ಸಾಕಷ್ಟಿದ್ದರೂ ಆಟ ತಡವರಿಸುವುದು ಇನ್ನೊಂದು. ಸೆಕೆಂಡಿಗೆ 60 ಫ್ರೇಮ್ ಬರಬೇಕಾದರೆ ಒಂದೊಂದು ಫ್ರೇಮಿಗೆ 16.7 ಮಿಲಿಸೆಕೆಂಡ್ ಸಿಗುತ್ತದೆ, 144 ಬರಬೇಕಾದರೆ 6.9 ಮಾತ್ರ. ಒಂದು ಸೆಕೆಂಡಿನಲ್ಲಿ 59 ಫ್ರೇಮುಗಳು ಬೇಗ ಬಂದು, ಒಂದೇ ಒಂದು ಫ್ರೇಮ್ 120 ಮಿಲಿಸೆಕೆಂಡ್ ತೆಗೆದುಕೊಂಡಿತು ಎನ್ನಿ. ಪರದೆಯ ಮೂಲೆಯ ಎಫ್‌ಪಿಎಸ್ ಕೌಂಟರ್ ಆಗಲೂ 60 ಎಂದೇ ತೋರಿಸುತ್ತದೆ. ಆದರೆ ಕಣ್ಣಿಗೆ ಆ ಒಂದು ಫ್ರೇಮ್ ಹೊಡೆದು ಕಾಣುತ್ತದೆ. ಹಾಗಾಗಿ ಸರಾಸರಿ ಎಫ್‌ಪಿಎಸ್ ಅನ್ನು ಮಾತ್ರ ನಂಬಬೇಡಿ. ಒಂದೊಂದು ಫ್ರೇಮಿಗೆ ಹಿಡಿದ ಸಮಯ ತೋರಿಸುವ ಫ್ರೇಮ್‌ಟೈಮ್ ಗ್ರಾಫನ್ನೂ, ಅತಿ ನಿಧಾನದ ಶೇಕಡಾ ಒಂದರಷ್ಟು ಫ್ರೇಮುಗಳ ಎಫ್‌ಪಿಎಸ್ ಹೇಳುವ '1% ಲೋ' ಎಂಬ ಅಂಕಿಯನ್ನೂ ನೋಡಿ. ಸರಾಸರಿ 90 ಇದ್ದು 1% ಲೋ 35 ಇರುವ ಕಂಪ್ಯೂಟರಿಗಿಂತ, ಸರಾಸರಿ 65 ಇದ್ದು 1% ಲೋ 55 ಇರುವ ಕಂಪ್ಯೂಟರೇ ಆಡಲು ಹಿತ.

ಉದಾಹರಣೆಗೆ ಒಂದು ಕಂಪ್ಯೂಟರನ್ನು ಎದುರಿಗಿಟ್ಟುಕೊಳ್ಳೋಣ: ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ಡಿಡಿಆರ್4 ರ‍್ಯಾಮ್ ಕಡ್ಡಿ, ಜಿಟಿಎಕ್ಸ್ 1060 ಕಾರ್ಡ್, 450 ವಾಟ್ ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಪೆಟ್ಟಿಗೆ), 1080ಪಿ ಮಾನಿಟರ್. 2018ರಿಂದ 2020ರವರೆಗೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಸೆಂಬಲ್ ಮಾಡಿಸಿದವರ ಮನೆಯಲ್ಲಿ ಇದಕ್ಕೆ ಹತ್ತಿರದ್ದೇ ಏನೋ ಇರುತ್ತದೆ. ಕೆಳಗಿನ ಹೆಚ್ಚಿನ ಮಾತು ಈ ಕಂಪ್ಯೂಟರಿನ ಸುತ್ತ. ಇಂಟೆಲ್ ಬೋರ್ಡ್ ಇರುವವರಿಗೂ ಲ್ಯಾಪ್‌ಟಾಪಿನವರಿಗೂ ಬೇರೆಯಾಗುವ ಕಡೆ ಹೇಳುತ್ತೇನೆ.

ಅಳತೆ

ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಅಳತೆಯ ಸಾಫ್ಟ್‌ವೇರ್ ಉಚಿತ. ಅದರ ಜೊತೆ ಬರುವ ರಿವಾಟ್ಯೂನರ್ ಅನ್ನೂ ಇನ್‌ಸ್ಟಾಲ್ ಮಾಡಿ, ಪರದೆಯ ಮೇಲೆ ಇಷ್ಟು ಕಾಣುವಂತೆ ಮಾಡಿ: ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಬಳಕೆ, ಜಿಪಿಯು ತಾಪಮಾನ ಮತ್ತು ಕ್ಲಾಕ್ (ಚಿಪ್ ಓಡುವ ವೇಗ), ಜಿಪಿಯು ಮೆಮೊರಿ ಬಳಕೆ, ಪ್ರೊಸೆಸರಿನ (ಸಿಪಿಯು) ಪ್ರತಿ ಥ್ರೆಡ್ಡಿನ, ಅಂದರೆ ಒಂದೇ ಹೊತ್ತಿಗೆ ಓಡುವ ಪ್ರತಿ ಕೆಲಸದ ಸಾಲಿನ ಬಳಕೆ, ಪ್ರೊಸೆಸರ್ ತಾಪಮಾನ ಮತ್ತು ಕ್ಲಾಕ್, ರ‍್ಯಾಮ್ ಬಳಕೆ, ಫ್ರೇಮ್‌ಟೈಮ್. ಕೊನೆಯದ್ದನ್ನು ಅಂಕಿಯಾಗಿ ಇಡಬೇಡಿ, ಗ್ರಾಫ್ ಆಗಿ ಇಡಿ. ಫ್ರೇಮನ್ನು ಮಾನಿಟರಿನ ಸರದಿಗೆ ಕಾಯಿಸುವ ವಿ-ಸಿಂಕ್ ಆಫ್ ಮಾಡಿ, ಎಫ್‌ಪಿಎಸ್ ಮಿತಿ ಏನಾದರೂ ಹಾಕಿದ್ದರೆ ತೆಗೆಯಿರಿ. ಮಿತಿ ಇದ್ದರೆ ಪ್ರೊಸೆಸರ್, ಕಾರ್ಡ್ ಎರಡೂ ವಿಶ್ರಾಂತಿಯಲ್ಲಿರುವಂತೆ ಕಂಡು ಅಳತೆ ದಾರಿ ತಪ್ಪುತ್ತದೆ.

ನಿಮಗೆ ತೊಂದರೆ ಕೊಡುವ ಗೇಮಿನ ತೊಂದರೆ ಕೊಡುವ ಜಾಗಕ್ಕೇ ಹೋಗಿ ಹತ್ತು ನಿಮಿಷ ಆಡಿ. ಜಿಪಿಯು ಬಳಕೆ ಶೇಕಡಾ 95ರ ಮೇಲೆ ನಿಂತಿದ್ದರೆ ಫ್ರೇಮ್ ಕಾಯುತ್ತಿರುವುದು ಕಾರ್ಡಿಗಾಗಿ. ಅದು 60–70ಕ್ಕೆ ಇಳಿದು ಎಫ್‌ಪಿಎಸ್ ಕೂಡ ಕಡಿಮೆಯಿದ್ದರೆ ಕಾರ್ಡ್ ಕೆಲಸವಿಲ್ಲದೆ ನಿಂತಿದೆ, ಅದಕ್ಕೆ ಕೆಲಸ ಒದಗಿಸಬೇಕಾದ ಪ್ರೊಸೆಸರ್ ಅಥವಾ ರ‍್ಯಾಮ್ ಹಿಂದೆ ಬಿದ್ದಿದೆ. ಇಲ್ಲಿ ಬಹಳ ಜನ ಎಡವುವುದು ಟಾಸ್ಕ್ ಮ್ಯಾನೇಜರ್ ತೋರಿಸುವ ಒಟ್ಟು ಸಿಪಿಯು ಬಳಕೆಯನ್ನು ನಂಬಿ. 12 ಥ್ರೆಡ್ಡಿನ ಪ್ರೊಸೆಸರಿನಲ್ಲಿ ಗೇಮಿನ ಮುಖ್ಯ ಥ್ರೆಡ್ ಒಂದನ್ನು ಪೂರ್ತಿ ತುಂಬಿ, ಉಳಿದವು ಅರೆಬರೆ ಇದ್ದರೆ ಒಟ್ಟು ಬಳಕೆ ಶೇಕಡಾ 40 ಎಂದು ಕಾಣುತ್ತದೆ. ವಿಂಡೋಸ್ ಆ ಥ್ರೆಡ್ಡನ್ನು ಕೋರಿನಿಂದ ಕೋರಿಗೆ ಓಡಾಡಿಸುವುದರಿಂದ ಯಾವೊಂದು ಕೋರೂ ನೂರು ಮುಟ್ಟದೆ ಇರಬಹುದು. ಹಾಗಾಗಿ 'ಸಿಪಿಯು 40 ಮಾತ್ರ ಇದೆ, ಪ್ರೊಸೆಸರಿನಲ್ಲಿ ತೊಂದರೆಯಿಲ್ಲ' ಎನ್ನುವ ತೀರ್ಮಾನ ಎಷ್ಟೋ ಸಲ ತಪ್ಪು.

ಇದನ್ನು ಖಚಿತ ಮಾಡಿಕೊಳ್ಳಲು ಸುಲಭ ಪರೀಕ್ಷೆಯೊಂದಿದೆ. ಅದೇ ಜಾಗದಲ್ಲಿ ನಿಂತು ರೆಸಲ್ಯೂಶನ್ನನ್ನು 1080ಪಿಯಿಂದ 720ಪಿಗೆ ಇಳಿಸಿ, ಇಲ್ಲವೇ ಗೇಮಿನೊಳಗಿನ ರೆಂಡರ್ ಸ್ಕೇಲ್ 50ಕ್ಕೆ ತನ್ನಿ. ಎಫ್‌ಪಿಎಸ್ ಏರಿದರೆ ಕಾರ್ಡಿನ ಮಿತಿ. ಇದ್ದಲ್ಲೇ ಇದ್ದರೆ ಪ್ರೊಸೆಸರ್ ಕಡೆಯ ಮಿತಿ, ಎಷ್ಟು ದೊಡ್ಡ ಕಾರ್ಡ್ ತಂದರೂ ಆ ಜಾಗದಲ್ಲಿ ಆ ಅಂಕಿ ದಾಟುವುದಿಲ್ಲ. ಇಂಟೆಲ್‌ನ ಪ್ರೆಸೆಂಟ್‌ಮಾನ್ ಎಂಬ ಅಳತೆಯ ಸಾಫ್ಟ್‌ವೇರ್ ಇದ್ದರೆ ಇನ್ನೂ ನೇರ: ಅದರಲ್ಲಿ 'ಜಿಪಿಯು ಬ್ಯುಸಿ' ಎಂಬ ಅಂಕಿ ಇದೆ. ಫ್ರೇಮ್‌ಟೈಮ್ 20 ಮಿಲಿಸೆಕೆಂಡ್ ಇದ್ದು ಜಿಪಿಯು ಬ್ಯುಸಿ 11 ಇದ್ದರೆ, ಉಳಿದ 9 ಮಿಲಿಸೆಕೆಂಡ್ ಕಾರ್ಡ್ ಸುಮ್ಮನೆ ಕಾದಿದೆ.

ಒಂದೇ ಕಂಪ್ಯೂಟರಿನಲ್ಲಿ ಗೇಮಿನಿಂದ ಗೇಮಿಗೆ ಉತ್ತರ ಬೇರೆಯಾಗುತ್ತದೆ. ಕೌಂಟರ್-ಸ್ಟ್ರೈಕ್ 2, ವ್ಯಾಲೊರಂಟ್ ಇಂಥವು ಪ್ರೊಸೆಸರಿನ ಮೇಲೆ ಬೀಳುತ್ತವೆ. ಸೈಬರ್‌ಪಂಕ್ 2077 ಎತ್ತರದ ಸೆಟ್ಟಿಂಗಿನಲ್ಲಿ ಕಾರ್ಡನ್ನು ಹಿಂಡುತ್ತದೆ, ಆದರೆ ಜನ ಕಿಕ್ಕಿರಿದ ಬೀದಿಗೆ ಬಂದರೆ ಪ್ರೊಸೆಸರನ್ನೂ ಹಿಂಡುತ್ತದೆ. ನೀವು ದಿನಾ ಆಡುವ ಗೇಮ್ ಯಾವುದೋ ಅದರ ಅಳತೆಯೇ ನಿಮ್ಮ ಲೆಕ್ಕ. ಯೂಟ್ಯೂಬಿನಲ್ಲಿ ಹತ್ತು ಗೇಮುಗಳ ಸರಾಸರಿ ತೋರಿಸುವ ಪಟ್ಟಿ ಆಮೇಲೆ.

ಹಣ ಕೊಡದೆ ಸರಿಯಾಗುವುದು

ಕಾರ್ಟಿಗೆ ಏನನ್ನಾದರೂ ಹಾಕುವ ಮುಂಚೆ ಕೆಲವನ್ನು ನೋಡಲೇಬೇಕು. ವಿಂಡೋಸಿನ ಅಡ್ವಾನ್ಸ್ಡ್ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ರಿಫ್ರೆಶ್ ರೇಟ್ (ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಅಂಕಿ) ನೋಡಿ. 144 ಹರ್ಟ್ಸ್ ಮಾನಿಟರ್ ಕೊಂಡು 60ರಲ್ಲೇ ವರ್ಷಗಟ್ಟಲೆ ಆಡುವವರು ನಿಜಕ್ಕೂ ಇದ್ದಾರೆ. ಮಾನಿಟರಿನ ಕೇಬಲ್ ಕಾರ್ಡಿನ ಪೋರ್ಟಿಗೆ ಹೋಗಿದೆಯೋ ಮದರ್‌ಬೋರ್ಡಿನ ಪೋರ್ಟಿಗೋ ಅದನ್ನೂ ನೋಡಿ, ಕಾರ್ಡಿನದ್ದಕ್ಕೇ ಹೋಗಬೇಕು.

ಆಮೇಲೆ ರ‍್ಯಾಮ್ ವೇಗ. 3200 ಎಂದು ಪೆಟ್ಟಿಗೆಯ ಮೇಲೆ ಬರೆದ ಕಡ್ಡಿ, ಬಯಾಸಿನಲ್ಲಿ (ಮದರ್‌ಬೋರ್ಡಿನ ಒಳಗಿನ ಮೂಲ ಸಾಫ್ಟ್‌ವೇರ್) ಎಕ್ಸ್‌ಎಂಪಿ ಎಂಬ ರ‍್ಯಾಮ್ ವೇಗದ ಸೆಟ್ಟಿಂಗ್ ಆನ್ ಮಾಡದಿದ್ದರೆ 2133, 2400 ಅಥವಾ 2666ರಲ್ಲಿ ಓಡುತ್ತಿರಬಹುದು. ಅಸೂಸ್ ಬೋರ್ಡುಗಳಲ್ಲಿ ಇದೇ ಸೆಟ್ಟಿಂಗಿಗೆ ಡಿಒಸಿಪಿ ಎಂಬ ಹೆಸರಿದೆ. ಸಿಪಿಯು-ಝಡ್ ಎಂಬ ಸಾಫ್ಟ್‌ವೇರಿನ ಮೆಮೊರಿ ಪುಟದಲ್ಲಿ ಅರ್ಧ ಅಂಕಿ ಕಾಣುತ್ತದೆ, ಅಂದರೆ 3200ಕ್ಕೆ 1600 ಎಂದಿರಬೇಕು. 1200 ಕಂಡರೆ ಗಾಬರಿ ಬೇಡ, ಎಕ್ಸ್‌ಎಂಪಿ ಆನ್ ಮಾಡಿ.

ರೈಜೆನ್ ಇರುವವರಿಗೆ ಮಾತ್ರ ಇನ್ನೊಂದು. ಗೇಮ್, ಧ್ವನಿ, ಮೌಸ್ ಎಲ್ಲವೂ ಆಗೊಮ್ಮೆ ಈಗೊಮ್ಮೆ ಒಂದೆರಡು ಸೆಕೆಂಡ್ ಒಟ್ಟಿಗೆ ತಡವರಿಸಿದರೆ ಅದು ಬಯಾಸಿನೊಳಗಿನ ಎಫ್‌ಟಿಪಿಎಂ (ಭದ್ರತೆಯ ಕೀಲಿಗಳನ್ನಿಡುವ ಭಾಗ) ದೋಷವಾಗಿರಬಹುದು. ಎಎಂಡಿ ಇದನ್ನು 2022ರ ಮಾರ್ಚಿನಲ್ಲಿ ಒಪ್ಪಿಕೊಂಡು, ಅಗೀಸಾ (ಎಎಂಡಿ ಬೋರ್ಡ್ ಕಂಪನಿಗಳಿಗೆ ಕೊಡುವ ಮೂಲ ಕೋಡ್) 1.2.0.7 ಇರುವ ಬಯಾಸಿನಲ್ಲಿ ಸರಿಪಡಿಸಿತು. ಅದಕ್ಕಿಂತ ಹಳೆಯ ಬಯಾಸ್ ಇದ್ದರೆ ಯಾವ ಪಾರ್ಟ್ ಬದಲಿಸಿದರೂ ಆ ತಡವರಿಕೆ ಹೋಗುವುದಿಲ್ಲ.

ತಾಪಮಾನ ನಮ್ಮ ಕಡೆ ಸಣ್ಣ ವಿಷಯವಲ್ಲ. ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಕೋಣೆ 25 ಡಿಗ್ರಿ ಇದ್ದಾಗ 75ರಲ್ಲಿ ಓಡುವ ಕಾರ್ಡ್, ಕೋಣೆ 38 ಆದಾಗ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲೇರುತ್ತದೆ. ಎನ್‌ವಿಡಿಯಾದ ಎಷ್ಟೋ ಕಾರ್ಡುಗಳು 83 ಡಿಗ್ರಿಯ ಆಸುಪಾಸಿನಲ್ಲಿ ಕ್ಲಾಕ್ ಇಳಿಸತೊಡಗುತ್ತವೆ. ಆಟ ಶುರುವಾದ ಮೊದಲ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಕುಗ್ಗಿದರೆ ಕ್ಲಾಕ್ ಅಂಕಿಯನ್ನು ನೋಡಿ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಆಡಿ ನೋಡಿ. ಐದಾರು ಡಿಗ್ರಿಗಿಂತ ಹೆಚ್ಚು ಇಳಿದರೆ ಬೇಕಿರುವುದು 120 ಮಿಲಿಮೀಟರಿನ ಎರಡು ಫ್ಯಾನ್, ಮುಂದೆ ಒಳಕ್ಕೆ ಒಂದು, ಹಿಂದೆ ಹೊರಕ್ಕೆ ಒಂದು. ಬಾಗಿಲು ತೆಗೆದರೂ ಇಳಿಯದಿದ್ದರೆ ಧೂಳು ಅಥವಾ ಒಣಗಿದ ಥರ್ಮಲ್ ಪೇಸ್ಟ್. ಬ್ಲೋವರಿನಲ್ಲಿ ಧೂಳು ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಗಾಳಿಯ ಹೊಡೆತಕ್ಕೆ ಅದು ಅತಿ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ರ‍್ಯಾಮ್

ನಮ್ಮ ಉದಾಹರಣೆಯ ಕಂಪ್ಯೂಟರಿನಲ್ಲಿ ಮೊದಲ ಖರ್ಚು ಇಲ್ಲೇ, ಅದರಲ್ಲಿ ನನಗೆ ಎರಡು ಮಾತಿಲ್ಲ. 8 ಜಿಬಿ ಈಗ ಸಾಲದು. ವಿಂಡೋಸ್, ಬ್ರೌಸರ್, ಡಿಸ್ಕಾರ್ಡ್ ಸೇರಿಯೇ ಅರ್ಧ ತಿಂದುಬಿಡುತ್ತವೆ. ಗೇಮಿಗೆ ಸಾಲದ್ದನ್ನು ವಿಂಡೋಸ್ ಡಿಸ್ಕಿನ ಪೇಜ್ ಫೈಲಿಗೆ ತಳ್ಳುತ್ತದೆ, ಬೇಕಾದಾಗ ಅಲ್ಲಿಂದ ಎಳೆಯುತ್ತದೆ. ಹಾಗೆ ಎಳೆಯುವ ಕ್ಷಣವೇ ಫ್ರೇಮ್‌ಟೈಮ್ ಗ್ರಾಫಿನಲ್ಲಿ ಮೊಳೆಯಂತೆ ಎದ್ದು ಕಾಣುವುದು.

ಇನ್ನೊಂದು ತೊಂದರೆ ಕಡ್ಡಿ ಒಂದೇ ಇರುವುದು. ಡಿಡಿಆರ್4 3200ರ ಒಂದು ಕಡ್ಡಿ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು, ಎರಡು ಕಡ್ಡಿ ಎರಡು ಚಾನೆಲ್ಲಿನಲ್ಲಿ (ಪ್ರೊಸೆಸರಿಗೆ ಹೋಗುವ ದಾರಿ) ಇದ್ದರೆ 51.2. ಒಂದೇ ಕಡ್ಡಿಯಲ್ಲಿ ಆಡುವಾಗ ಸರಾಸರಿಗಿಂತ 1% ಲೋ ಹೆಚ್ಚು ಕುಸಿಯುತ್ತದೆ. ಗ್ರಾಫಿಕ್ಸ್ ಕಾರ್ಡಿಲ್ಲದೆ ರೈಜೆನ್ 5 5600ಜಿ ಥರದ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಬಳಸಿ ಆಡುವವರಿಗಂತೂ ಇದು ಎಲ್ಲಕ್ಕಿಂತ ದೊಡ್ಡ ಬದಲಾವಣೆ, ಯಾಕೆಂದರೆ ಅಲ್ಲಿ ಗ್ರಾಫಿಕ್ಸ್ ಮೆಮೊರಿಯೂ ಇದೇ ರ‍್ಯಾಮ್.

ಎರಡನೇ 8 ಜಿಬಿ ಕಡ್ಡಿ ಸೇರಿಸುವುದೋ, ಒಟ್ಟು 16 ಜಿಬಿಯ (8+8) ಎರಡು ಕಡ್ಡಿಯ ಕಿಟ್ ಹೊಸದಾಗಿ ಕೊಳ್ಳುವುದೋ? ಕಿಟ್ ಸುರಕ್ಷಿತ. ಆದರೆ 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಆದ್ದರಿಂದ ಇದ್ದ ಕಡ್ಡಿಗೆ ಜೊತೆ ಹುಡುಕುವುದು ತಪ್ಪಲ್ಲ. ಹುಡುಕುವಾಗ ಗಾತ್ರ, ವೇಗ, ಸಿಎಲ್ ಅಂಕಿ (ಕಡ್ಡಿ ಉತ್ತರಿಸಲು ಹಿಡಿಯುವ ತಡ), 1.2 ಅಥವಾ 1.35 ವೋಲ್ಟ್ ಎಲ್ಲ ಹೊಂದಿಸಿ. ಎರಡು ಬೇರೆ ಕಡ್ಡಿ ಇದ್ದರೆ ಬೋರ್ಡ್ ನಿಧಾನದ್ದರ ವೇಗಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಎಕ್ಸ್‌ಎಂಪಿಯಲ್ಲಿ ಬೂಟ್ ಆಗುವುದೇ ಇಲ್ಲ. ಆಗ 3200 ಬಿಟ್ಟು 2933ಕ್ಕೆ ಕೈಯಾರೆ ಇಳಿಸಿ ನೋಡಿ, ರೈಜೆನ್ 2600ಕ್ಕೆ ಎಎಂಡಿ ಹೇಳಿರುವ ಗರಿಷ್ಠವೂ ಅದೇ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡು ಕಡ್ಡಿಯನ್ನು ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಅಕ್ಕಪಕ್ಕ ಹಾಕಿದರೆ 16 ಜಿಬಿ ಕಾಣುತ್ತದೆ, ಆದರೆ ಚಾನೆಲ್ ಒಂದೇ ಉಳಿಯುತ್ತದೆ.

ಎಚ್410 ಬೋರ್ಡಿನಲ್ಲಿ ಐ5-10400ಎಫ್ ಇರುವವರು ವೇಗದ ಕಡ್ಡಿಗೆ ಹೆಚ್ಚು ದುಡ್ಡು ಕೊಡಬೇಡಿ, ಅಲ್ಲಿ 2666ರ ಮೇಲೆ ಓಡುವುದಿಲ್ಲ.

ಪ್ರೊಸೆಸರ್

ಎಎಂ4 ಸಾಕೆಟ್ (ರೈಜೆನ್ ಪ್ರೊಸೆಸರ್ ಕೂರುವ ಜಾಗ, ನಮ್ಮ ಬಿ450ರಲ್ಲಿರುವುದೂ ಇದೇ) ಇರುವವರು ಅದೃಷ್ಟವಂತರು. 2018ರ ಬಿ450 ಬೋರ್ಡಿಗೆ 2020ರ ನವೆಂಬರಿನಿಂದ ಬಂದ ರೈಜೆನ್ 5000 ಸರಣಿ ಹೊಂದುತ್ತದೆ, ಬೋರ್ಡೂ ರ‍್ಯಾಮೂ ಅವೇ ಇರುತ್ತವೆ. ರೈಜೆನ್ 5 2600ರಲ್ಲಿ 16 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ಪುಟ್ಟ ವೇಗದ ಮೆಮೊರಿ) ಇದೆ, ಅದೂ 8–8 ಆಗಿ ಎರಡು ಗುಂಪಿನ ಕೋರುಗಳಿಗೆ ಹಂಚಿಹೋಗಿದೆ. ಒಂದು ಗುಂಪಿನ ಕೋರಿಗೆ ಇನ್ನೊಂದರ ಕ್ಯಾಶಿನಲ್ಲಿರುವುದು ಬೇಕಾದರೆ ಸುತ್ತಿ ಬಳಸಿ ತರಬೇಕು. ರೈಜೆನ್ 5 5600ರಲ್ಲಿ ಆರೂ ಕೋರಿಗೆ ಒಟ್ಟಾಗಿ 32 ಎಂಬಿ. ಗೇಮ್ ಎಂಬುದು ಮೆಮೊರಿಯಿಂದ ಚಿಕ್ಕಚಿಕ್ಕ ಮಾಹಿತಿಯನ್ನು ಎಡೆಬಿಡದೆ ಕೇಳುವ ಕೆಲಸವಾದ್ದರಿಂದ ಈ ವ್ಯತ್ಯಾಸ ಫ್ರೇಮಿನಲ್ಲಿ ನೇರವಾಗಿ ಕಾಣುತ್ತದೆ. 5700ಎಕ್ಸ್3ಡಿ, 5800ಎಕ್ಸ್3ಡಿಗಳಲ್ಲಿ 96 ಎಂಬಿ ಇರುವುದೂ ಇದೇ ಕಾರಣಕ್ಕೆ. ಅವು ಈಗ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, ಸಿಕ್ಕರೆ ಮತ್ತು ನೀವು 144 ಹರ್ಟ್ಸ್ ಮಾನಿಟರಿನಲ್ಲಿ ಪೈಪೋಟಿಯ ಗೇಮ್ ಆಡುವವರಾದರೆ ತೆಗೆದುಕೊಳ್ಳಿ. 60–75 ಹರ್ಟ್ಸ್ ಮಾನಿಟರಿಗೆ 5600 ಧಾರಾಳವಾಗಿ ಸಾಕು.

ಹೆಸರಿನಲ್ಲಿ ಮೋಸ ಹೋಗುವ ಜಾಗ ಒಂದಿದೆ. ರೈಜೆನ್ 5 5500 ಎಂಬುದು 5600ಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಎಂದಷ್ಟೇ ಅನಿಸುತ್ತದೆ. ಅದರ ಒಳಗಿನ ಚಿಪ್ಪೇ ಬೇರೆ, 5600ಜಿ ವಂಶದ್ದು. ಎಲ್3 ಕ್ಯಾಶ್ 16 ಎಂಬಿ ಮಾತ್ರ, ಪಿಸಿಐಇ (ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ದಾರಿ) ಕೂಡ 3.0. ಬೆಲೆಯ ಅಂತರ ಚಿಕ್ಕದಿದ್ದರೆ ಕಣ್ಣು ಮುಚ್ಚಿ 5600.

ಬದಲಿಸುವ ಕ್ರಮ ಮುಖ್ಯ, ಕೆಡುವುದು ಹೆಚ್ಚಾಗಿ ಇಲ್ಲೇ. ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ. ಬೋರ್ಡ್ ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್ಲಿನ ಸಪೋರ್ಟ್ ಪುಟ ತೆರೆದು, ಸಿಪಿಯು ಪಟ್ಟಿಯಲ್ಲಿ ಹೊಸ ಪ್ರೊಸೆಸರಿನ ಎದುರು ಯಾವ ಬಯಾಸ್ ಆವೃತ್ತಿ ಇದೆ ನೋಡಿ. ಕೆಲವು ಬೋರ್ಡುಗಳಲ್ಲಿ ನೇರ ಕೊನೆಯದಕ್ಕೆ ಹಾರುವಂತಿಲ್ಲ, ನಡುವೆ ಒಂದು ಆವೃತ್ತಿಯನ್ನು ಹಾಕಬೇಕೆಂದು ಅಲ್ಲೇ ಬರೆದಿರುತ್ತಾರೆ. ಬೋರ್ಡಿನ ಮೇಲೆ ಅಚ್ಚಾಗಿರುವ ರಿವಿಷನ್ ಅಂಕಿಯನ್ನೂ ಹೊಂದಿಸಿ. ಫೈಲನ್ನು ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿ, ವಿಂಡೋಸಿನಿಂದಲ್ಲ, ಬಯಾಸಿನೊಳಗಿನ ಫ್ಲ್ಯಾಶ್ ಸೌಲಭ್ಯದಿಂದಲೇ ಮಾಡಿ. ಯುಪಿಎಸ್ ಇಲ್ಲದೆ ಬೇಡ. ಮಳೆಗಾಲದ ಸಂಜೆ ಕರೆಂಟಿನ ಭರವಸೆ ಇಲ್ಲದ ಊರಿನಲ್ಲಿ ಅರ್ಧಕ್ಕೆ ನಿಂತ ಬಯಾಸ್ ಅಂದರೆ ಬಯಾಸನ್ನು ಮತ್ತೆ ಹಾಕುವ ಫ್ಲ್ಯಾಶ್‌ಬ್ಯಾಕ್ ಬಟನ್ ಇಲ್ಲದ ಬೋರ್ಡಿಗೆ ಸರ್ವಿಸ್ ಸೆಂಟರಿನ ದಾರಿ.

ಪ್ರೊಸೆಸರ್ ಬದಲಾದರೆ ಎಫ್‌ಟಿಪಿಎಂನಲ್ಲಿದ್ದ ಕೀಲಿಗಳು ಹೋಗುತ್ತವೆ. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಇದ್ದರೆ ಮೊದಲೇ ಸಸ್ಪೆಂಡ್ ಮಾಡಿ, ರಿಕವರಿ ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ. ಇಲ್ಲವಾದರೆ ಮೊದಲ ಬೂಟಿನಲ್ಲೇ 48 ಅಂಕಿಯ ಕೀ ಕೇಳಿ ಕೂರುತ್ತದೆ.

ಎಎಂ4 ಪ್ರೊಸೆಸರಿನ ಪಿನ್ನುಗಳು ಪ್ರೊಸೆಸರಿನಲ್ಲೇ ಇವೆ, ಸಾಕೆಟ್ಟಿನಲ್ಲಲ್ಲ. ಒಣಗಿದ ಪೇಸ್ಟ್ ಅಂಟಿಕೊಂಡು, ಕೂಲರ್ ಎತ್ತಿದಾಗ ಪ್ರೊಸೆಸರ್ ಲಿವರ್ ಹಾಕಿದ್ದಂತೆಯೇ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಹತ್ತು ನಿಮಿಷ ಗೇಮ್ ಓಡಿಸಿ ಬಿಸಿ ಮಾಡಿ, ಶಟ್‌ಡೌನ್ ಮಾಡಿ ಪ್ಲಗ್ ಕಿತ್ತು, ಸ್ಕ್ರೂ ತೆಗೆದ ಮೇಲೆ ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ. ಸಡಿಲಾಯಿತೆಂದು ಕೈಗೆ ಗೊತ್ತಾದ ಮೇಲೆಯೇ ಎತ್ತಿ. ರೈಜೆನ್ 2600ರ ಜೊತೆ ಬರುವ ವ್ರೇತ್ ಸ್ಟೆಲ್ತ್ ಕೂಲರಿನ ನಾಲ್ಕೂ ಸ್ಕ್ರೂ ಬಿಚ್ಚಿದರೆ ಬೋರ್ಡಿನ ಹಿಂದಿನ ಪ್ಲೇಟ್ ಕಳಚಿ ಬೀಳುತ್ತದೆ, ಒಂದು ಕೈ ಹಿಂದೆ ಇಟ್ಟಿರಿ. ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಕೊನೆಗೆ ಬಯಾಸಿಗೆ ಹೋಗಿ ಎಕ್ಸ್‌ಎಂಪಿಯನ್ನು ಮತ್ತೆ ಆನ್ ಮಾಡಿ. ಅಪ್‌ಡೇಟ್ ಎಲ್ಲವನ್ನೂ ಅಳಿಸಿರುತ್ತದೆ, ಇದನ್ನು ಮರೆತು ಹೊಸ ಪ್ರೊಸೆಸರನ್ನು ಬೈಯುವವರು ಬಹಳ.

ಇಂಟೆಲ್ ಕಡೆ ಇಷ್ಟು ಸಲೀಸಿಲ್ಲ. ಎಚ್410, ಬಿ460 ಬೋರ್ಡುಗಳಲ್ಲಿ ಸಾಮಾನ್ಯವಾಗಿ 10ನೇ ತಲೆಮಾರಿಗೇ ನಿಲ್ಲಬೇಕು. 8 ಅಥವಾ 9ನೇ ತಲೆಮಾರಿನ ಐ5 ಇದ್ದರೆ ಬೋರ್ಡ್ ಸಮೇತ ಬದಲಿಸುವುದೇ ಸರಿ. ಆಗ ಐ5-12400ಎಫ್ ಜೊತೆಗೆ ಡಿಡಿಆರ್4 ಸ್ಲಾಟ್ ಇರುವ ಎಚ್610 ಅಥವಾ ಬಿ660 ಬೋರ್ಡ್ ತೆಗೆದುಕೊಂಡರೆ ಹಳೆಯ ರ‍್ಯಾಮ್ ಉಳಿಯುತ್ತದೆ. ಈಗಿನ ರ‍್ಯಾಮ್ ಬೆಲೆಯಲ್ಲಿ ಇದು ದೊಡ್ಡ ಉಳಿತಾಯ. ಎಎಂಡಿಯ ಹೊಸ ಸಾಕೆಟ್ ಎಎಂ5ಗೆ ಹೋದರೆ ಡಿಡಿಆರ್5 ಕಡ್ಡಾಯ.

ಗ್ರಾಫಿಕ್ಸ್ ಕಾರ್ಡ್

ಜಿಪಿಯು ಬಳಕೆ 95ರ ಮೇಲೆಯೇ ಇದೆ, ರೆಂಡರ್ ಸ್ಕೇಲ್ ಇಳಿಸಿದರೆ ಎಫ್‌ಪಿಎಸ್ ಏರುತ್ತದೆ ಎಂದಾದರೆ ಕಾರ್ಡೇ ಬದಲಾಗಬೇಕು. ಜಿಟಿಎಕ್ಸ್ 1060, 1050 ಟಿಐ ಇರುವವರಿಗೆ ಇನ್ನೊಂದು ಕಾರಣವೂ ಇದೆ: ಇವು ಸೇರಿದ ಪ್ಯಾಸ್ಕಲ್ ತಲೆಮಾರಿನ ಕಾರ್ಡುಗಳಿಗೆ ಹೊಸ ಗೇಮಿಗೆ ತಕ್ಕ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿದೆ, ಇನ್ನು ಬರುವುದು ಭದ್ರತೆಯ ಅಪ್‌ಡೇಟ್ ಮಾತ್ರ.

ಕಾರ್ಡ್ ಆರಿಸುವಾಗ ಹೆಸರಿನ ಅಂಕಿಗಿಂತ ಮೊದಲು ಪಿಸಿಐಇ ಲೇನ್ (ಆ ದಾರಿಯ ಸಾಲುಗಳು) ಎಷ್ಟು ಎಂದು ನೋಡಿ. ಬಿ450 ಬೋರ್ಡ್ ಪಿಸಿಐಇ 3.0. ಅಲ್ಲಿ 16 ಲೇನಿಗೆ ಸೆಕೆಂಡಿಗೆ ಸುಮಾರು 16 ಜಿಬಿ, 8 ಲೇನಿಗೆ 8, 4 ಲೇನಿಗೆ 4. ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡಿಗೆ ಇರುವುದು ನಾಲ್ಕೇ ಲೇನ್, ಮೆಮೊರಿ 4 ಜಿಬಿ. ಮೆಮೊರಿ ತುಂಬಿ ಹೊರಗಿನಿಂದ ತರಬೇಕಾದಾಗ ಆ ದಾರಿಯೇ ಕಿರಿದು. ಹಳೆಯ ಬೋರ್ಡಿಗೆ ಅಗ್ಗವೆಂದು ಇದನ್ನು ಹಾಕಿದವರಿಗೆ ತಡವರಿಕೆ ಹೆಚ್ಚಾಗುವುದು ಹೀಗೆ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060 ಎರಡೂ 8 ಲೇನಿನವು. 3.0 ಬೋರ್ಡಿನಲ್ಲಿ ಸ್ವಲ್ಪ ಕಳೆದುಕೊಂಡರೂ ಮೆಮೊರಿ ತುಂಬದವರೆಗೆ ಚಿಂತೆಯಿಲ್ಲ. ಆರ್‌ಟಿಎಕ್ಸ್ 3060ರ 12 ಜಿಬಿ ಮಾಡೆಲ್ ಪೂರ್ತಿ 16 ಲೇನಿನದು, ಹಳೆಯ ಬೋರ್ಡಿಗೆ ಅದು ಈಗಲೂ ಒಳ್ಳೆಯ ಜೋಡಿ.

ಇಂಟೆಲ್‌ನ ಆರ್ಕ್ ಬಿ580 ಕಾರ್ಡ್ 12 ಜಿಬಿ ಕೊಡುತ್ತದೆ, ಆಕರ್ಷಕ. ಆದರೆ ನಮ್ಮ ರೈಜೆನ್ 2600ಕ್ಕೆ ಅದನ್ನು ಜೋಡಿಸಬೇಡಿ. ಅದಕ್ಕೆ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ನೋಡಲು ಬಿಡುವ ಬಯಾಸ್ ಸೆಟ್ಟಿಂಗ್) ಬೇಕೇ ಬೇಕು, ಜೊತೆಗೆ ಅದರ ಡ್ರೈವರ್ ಪ್ರೊಸೆಸರಿನ ಮೇಲೆ ಹಾಕುವ ಹೊರೆ ಹೆಚ್ಚು. ವೇಗದ ಹೊಸ ಪ್ರೊಸೆಸರಿನಲ್ಲಿ ಚೆನ್ನಾಗಿ ಓಡುವ ಅದೇ ಕಾರ್ಡ್ ಹಳೆಯದರಲ್ಲಿ ಕುಗ್ಗುತ್ತದೆ.

ಕಾರ್ಡಿನ ಮೆಮೊರಿ ತುಂಬಿದೆಯೇ ಎಂದು ತಿಳಿಯಲು ಗೇಮಿನ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಸೆಟ್ಟಿಂಗನ್ನು ಒಂದು ಹಂತ ಇಳಿಸಿ, ಗೇಮ್ ಮುಚ್ಚಿ ತೆರೆಯಿರಿ. ಟೆಕ್ಸ್ಚರ್ ಮುಖ್ಯವಾಗಿ ಕಾರ್ಡಿನ ಮೆಮೊರಿಯನ್ನೇ ತಿನ್ನುತ್ತದೆ, ಜಿಪಿಯು ವೇಗವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಇಳಿಸಿದ ತಕ್ಷಣ ಸರಾಸರಿ ಹಾಗೇ ಇದ್ದು ಗ್ರಾಫಿನ ಮೊಳೆಗಳು ಮಾಯವಾದರೆ ಕೊರತೆ ಮೆಮೊರಿಯದ್ದು. 1080ಪಿಗೆ 8 ಜಿಬಿ ಈಗಿನ ಕನಿಷ್ಠ ಎಂದು ಇಟ್ಟುಕೊಳ್ಳಿ. 1440ಪಿ ಮಾನಿಟರ್ ಇದ್ದು ಹೊಸ ದೊಡ್ಡ ಗೇಮ್ ಆಡುವವರು 12 ಅಥವಾ 16ಕ್ಕೆ ಹೋಗಿ. ಒಂದೇ ಹೆಸರಿನಲ್ಲಿ 8 ಮತ್ತು 16 ಜಿಬಿ ಎರಡೂ ಬರುವ ಕಾರ್ಡುಗಳಿವೆ, ಆರ್‌ಟಿಎಕ್ಸ್ 5060 ಟಿಐ ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ ಹಾಗೆ. ಬಿಲ್ಲಿನಲ್ಲಿ ಯಾವುದೆಂದು ಓದಿ.

ಫ್ರೇಮ್ ಜನರೇಶನ್ನಿನ ಅಂಕಿ ನೋಡಿ ಕಾರ್ಡ್ ಆರಿಸಬೇಡಿ. ಮೂಲದಲ್ಲಿ 30 ಫ್ರೇಮ್ ಬರುತ್ತಿದ್ದರೆ ನಡುವೆ ಫ್ರೇಮ್ ತುಂಬಿ 60 ತೋರಿಸಬಹುದು, ಆದರೆ ಮೌಸಿಗೆ ಗೇಮ್ ಸ್ಪಂದಿಸುವುದು 30ರಂತೆಯೇ, ಒಂದಿಷ್ಟು ಹೆಚ್ಚೇ ತಡವಾಗಿ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್‌ಗಳ ಅಪ್‌ಸ್ಕೇಲಿಂಗ್ (ಚಿತ್ರವನ್ನು ಚಿಕ್ಕದಾಗಿ ಬರೆದು ದೊಡ್ಡದು ಮಾಡುವುದು) ಹಾಗಲ್ಲ, ಅದು ಕಾರ್ಡಿನ ಹೊರೆಯನ್ನು ನಿಜಕ್ಕೂ ಇಳಿಸುತ್ತದೆ. ಪ್ರೊಸೆಸರ್ ಮಿತಿಯಿದ್ದಲ್ಲಿ ಅದರಿಂದಲೂ ಪ್ರಯೋಜನವಿಲ್ಲ.

ಎಸ್‌ಎಂಪಿಎಸ್ ಮತ್ತು ಯುಪಿಎಸ್

ಆರ್‌ಎಕ್ಸ್ 6600 ಸುಮಾರು 132 ವಾಟ್, ಆರ್‌ಟಿಎಕ್ಸ್ 4060 115, ಆರ್‌ಟಿಎಕ್ಸ್ 3060 170. ಜಿಟಿಎಕ್ಸ್ 1060 ಈಗಾಗಲೇ 120 ತಿನ್ನುತ್ತಿತ್ತು. ಹಾಗಾಗಿ ಮೊದಲ ಎರಡಕ್ಕೆ ಒಳ್ಳೆಯ ಕಂಪನಿಯ 450 ವಾಟ್ ಎಸ್‌ಎಂಪಿಎಸ್ ಸಾಕು, ಹೊಸದು ಬೇಡ. ಆದರೆ ಕ್ಯಾಬಿನೆಟ್ಟಿನ ಜೊತೆ ಉಚಿತವಾಗಿ ಬಂದ '500 ವಾಟ್' ಎಸ್‌ಎಂಪಿಎಸ್ ಇದ್ದರೆ ಕಾರ್ಡಿಗಿಂತ ಮುಂಚೆ ಅದನ್ನು ಬದಲಿಸಿ. ಲೇಬಲ್ಲಿನಲ್ಲಿ 12 ವೋಲ್ಟ್ ಸಾಲಿನ ಆಂಪಿಯರ್ ನೋಡಿ 12ರಿಂದ ಗುಣಿಸಿ. 18 ಆಂಪಿಯರ್ ಇದ್ದರೆ 216 ವಾಟ್ ಅಷ್ಟೇ, ಕಾರ್ಡೂ ಪ್ರೊಸೆಸರೂ ಅದರಲ್ಲೇ ಬದುಕಬೇಕು. ಕಾರ್ಡಿಗೆ 8 ಪಿನ್ ಕೇಬಲ್ ಇಲ್ಲವೆಂದು ಹಳೆಯ ಡಿಸ್ಕುಗಳ ಮೊಲೆಕ್ಸ್ ಪ್ಲಗ್ಗಿನಿಂದ ಅಡಾಪ್ಟರ್ ಹಾಕಬೇಡಿ. 8 ಪಿನ್ನಿನ ದಾರಿಯಲ್ಲಿ 150 ವಾಟ್ ಹರಿಯಬಹುದು, ತೆಳ್ಳನೆಯ ಆ ತಂತಿ ಕಾದು ಕರಗಬಹುದು. ಮಾಡ್ಯುಲರ್ (ಕೇಬಲ್ ಕಳಚಬಹುದಾದ) ಎಸ್‌ಎಂಪಿಎಸ್ ಬದಲಿಸುವಾಗ ಹಳೆಯದರ ಕೇಬಲ್ ಉಳಿಸಿಕೊಳ್ಳಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ, ಪ್ಲಗ್ ಕೂತರೂ ವೋಲ್ಟೇಜ್ ತಪ್ಪಿ ಡಿಸ್ಕ್ ಸುಟ್ಟುಹೋಗಬಹುದು.

ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಕೊಡುವುದು 360 ವಾಟಿನ ಆಸುಪಾಸು. ಮಾನಿಟರ್ ಸೇರಿಸಿ ಲೆಕ್ಕ ಹಾಕಿ. ದೊಡ್ಡ ಕಾರ್ಡ್ ಹಾಕಿದ ಮೇಲೆ ಕರೆಂಟ್ ಹೋದ ಕ್ಷಣವೇ ಕಂಪ್ಯೂಟರ್ ಆಫ್ ಆಗುತ್ತಿದ್ದರೆ ಯುಪಿಎಸ್ ಸಾಲುತ್ತಿಲ್ಲ ಎಂದರ್ಥ.

ಎಸ್‌ಎಸ್‌ಡಿಯ ಬಗ್ಗೆ ಚಿಕ್ಕ ಮಾತು. ಗೇಮ್ ಇನ್ನೂ ತಿರುಗುವ ಹಾರ್ಡ್‌ಡಿಸ್ಕಿನಲ್ಲಿದ್ದರೆ, ಹೊಸ ಜಾಗಕ್ಕೆ ಕಾಲಿಟ್ಟಾಗ ಬರುವ ತಡವರಿಕೆ ಅದರದ್ದೇ. ಸ್ಟಾರ್‌ಫೀಲ್ಡ್ ಥರದ ಗೇಮುಗಳು ಎಸ್‌ಎಸ್‌ಡಿಯನ್ನೇ ಕನಿಷ್ಠ ಅಗತ್ಯವಾಗಿ ಕೇಳುತ್ತವೆ. ಸಾಟಾ ಎಸ್‌ಎಸ್‌ಡಿ ಈಗಾಗಲೇ ಇದ್ದರೆ ಅದಕ್ಕಿಂತ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಗೆ ಹೋಗಿ ಫ್ರೇಮ್ ಏರುತ್ತದೆಂದು ನಿರೀಕ್ಷಿಸಬೇಡಿ.

ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಬದಲಿಸಲಾಗುವುದು ರ‍್ಯಾಮ್ ಮತ್ತು ಎಸ್‌ಎಸ್‌ಡಿ ಮಾತ್ರ. ಹಿಂದಿನ ಮುಚ್ಚಳ ತೆಗೆದು ಸ್ವಚ್ಛ ಮಾಡಿಸಿ ಪೇಸ್ಟ್ ಬದಲಿಸಿದರೆ ಸಿಗುವ ಲಾಭ ಕೆಲವೊಮ್ಮೆ ಆ ಎರಡಕ್ಕಿಂತ ಹೆಚ್ಚು.

ಯಾವ ಪಾರ್ಟೂ ಸರಿಮಾಡದ ತಡವರಿಕೆಯೂ ಇದೆ. ಅನ್‌ರಿಯಲ್ ಎಂಜಿನ್ನಿನ ಹಲವು ಗೇಮುಗಳು ಒಂದು ಹೊಸ ದೃಶ್ಯ ಮೊದಲ ಸಲ ಬಂದಾಗ ಶೇಡರನ್ನು (ಬೆಳಕು, ಬಣ್ಣ ಬಿಡಿಸುವ ಚಿಕ್ಕ ಪ್ರೋಗ್ರಾಮ್) ಆಗಲೇ ತಯಾರಿಸುತ್ತವೆ, ಆ ಕ್ಷಣ ನಿಲ್ಲುತ್ತವೆ. ಅದೇ ಜಾಗಕ್ಕೆ ಎರಡನೇ ಸಲ ಹೋದಾಗ ತಡವರಿಕೆ ಇಲ್ಲವಾದರೆ ಅದು ಇದೇ. ಡ್ರೈವರ್ ಬದಲಾದ ಮೇಲೆ ಮತ್ತೆ ಬರುವುದೂ ಸಹಜ. ವೇಗದ ಪ್ರೊಸೆಸರ್ ಅದನ್ನು ಚಿಕ್ಕದು ಮಾಡೀತು, ತೆಗೆಯಲಾರದು. ಇನ್ನು 60 ಹರ್ಟ್ಸ್ ಮಾನಿಟರಿನಲ್ಲಿ ವಿ-ಸಿಂಕ್ ಹಾಕಿ ಆಡುವವರಿಗೆ ಫ್ರೇಮ್ 17 ಮಿಲಿಸೆಕೆಂಡ್ ಆದರೂ ಮುಂದಿನ ಸರದಿಗೆ ಕಾದು 33 ಆಗಿಬಿಡುತ್ತದೆ. 50–60ರ ನಡುವೆ ತೂಗಾಡುವ ಕಂಪ್ಯೂಟರಿಗೆ ಹೊಸ ಕಾರ್ಡಿಗಿಂತ ಫ್ರೇಮ್ ಬಂದಾಗಲೇ ಚಿತ್ರ ಬದಲಿಸುವ ಫ್ರೀಸಿಂಕ್ ಇರುವ ಮಾನಿಟರ್ ಹೆಚ್ಚು ಹಿತ ಕೊಡುತ್ತದೆ. ಫ್ರೀಸಿಂಕ್ ಕೆಲಸ ಮಾಡುವ ಕನಿಷ್ಠ ಹರ್ಟ್ಸ್ ಎಷ್ಟು ಎಂದು ಕೊಳ್ಳುವಾಗ ಕೇಳಿ. ಕೆಲವದರಲ್ಲಿ ಅದು 48, ಅದರ ಕೆಳಗೆ ಇಳಿದರೆ ಮತ್ತೆ ಹಳೆಯ ಕಥೆ. ಅಂಥ ಮಾನಿಟರ್ ಬಂದ ಮೇಲೆ ಎಫ್‌ಪಿಎಸ್ ಮಿತಿಯನ್ನು ಅದರ ಗರಿಷ್ಠಕ್ಕಿಂತ ಮೂರು ಕಡಿಮೆ, ಅಂದರೆ 144ಕ್ಕೆ 141 ಇಡಿ.

ಒಟ್ಟಿನಲ್ಲಿ ನಮ್ಮ ಉದಾಹರಣೆಯ ಕಂಪ್ಯೂಟರಿಗೆ ನಾನು ಹೇಳುವ ಕ್ರಮ: ಮೊದಲು ಬಯಾಸ್ ಮತ್ತು ಎರಡನೇ ರ‍್ಯಾಮ್ ಕಡ್ಡಿ. ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ ಆಡುವವರಿಗೆ ಆಮೇಲೆ 5600, ಕಥೆ ಇರುವ ದೊಡ್ಡ ಗೇಮುಗಳವರಿಗೆ ಆಮೇಲೆ ಕಾರ್ಡ್. ಎರಡಕ್ಕೂ ಒಟ್ಟಿಗೆ ಹಣವಿಲ್ಲದಿದ್ದರೆ ಒಂದನ್ನು ಹಾಕಿ, ಅದೇ ಜಾಗದಲ್ಲಿ ಮತ್ತೆ ಅಳೆದು, ಇನ್ನೊಂದು ಬೇಕೇ ಎಂದು ಆಗ ನಿರ್ಧರಿಸಿ. ಕಾರ್ಡಿನ ಕಂಪನಿ ಬದಲಾದರೆ ಹಳೆಯ ಡ್ರೈವರನ್ನು ಡಿಡಿಯು ಎಂಬ ಸಾಫ್ಟ್‌ವೇರ್ ಬಳಸಿ ಸೇಫ್ ಮೋಡಿನಲ್ಲಿ ತೆಗೆಯಿರಿ. ಆಗ ಇಂಟರ್ನೆಟ್ ಕೇಬಲ್ ಕಿತ್ತಿಡಿ, ಇಲ್ಲವಾದರೆ ವಿಂಡೋಸ್ ನಡುವೆಯೇ ತನ್ನದೊಂದು ಡ್ರೈವರ್ ತಂದು ಹಾಕುತ್ತದೆ.

ಸೆಕೆಂಡ್‌ಹ್ಯಾಂಡ್ ಕಾರ್ಡ್ ಕೊಳ್ಳುವವರು ಹಣ ಕೊಡುವ ಮೊದಲು ಜಿಪಿಯು-ಝಡ್ ಎಂಬ ಸಾಫ್ಟ್‌ವೇರ್ ತೆರೆಸಿ ನೋಡಿ. ಕಾರ್ಡಿನ ಒಳಗಿನ ಬಯಾಸ್ ತಿದ್ದಿ ಹಳೆಯ ಕಾರ್ಡಿಗೆ ಹೊಸ ಹೆಸರು ಕೊಟ್ಟಿದ್ದರೆ ಅದು ಹೆಸರಿನ ಮುಂದೆ ಫೇಕ್ ಎಂದು ತೋರಿಸುತ್ತದೆ. ಆರ್‌ಎಕ್ಸ್ 580 ಎಂದು ಮಾರುವವುಗಳಲ್ಲಿ ಶೇಡರ್ ಸಂಖ್ಯೆ (ಚಿಪ್ಪಿನೊಳಗಿನ ಪುಟ್ಟ ಘಟಕಗಳ ಲೆಕ್ಕ) 2304 ಇರಬೇಕು, 2048 ಇದ್ದರೆ ಅದು ಕುಗ್ಗಿಸಿದ ಮಾಡೆಲ್. ಜಿಟಿಎಕ್ಸ್ 1060ರಲ್ಲಿ 6 ಜಿಬಿಯದ್ದಕ್ಕೆ 1280, 3 ಜಿಬಿಯದ್ದಕ್ಕೆ 1152. ನಂತರ ಅಂಗಡಿಯಲ್ಲೇ 20 ನಿಮಿಷ ಗೇಮ್ ಓಡಿಸಿ, ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗದ) ತಾಪಮಾನ ಸಾಮಾನ್ಯ ತಾಪಮಾನಕ್ಕಿಂತ 25–30 ಡಿಗ್ರಿ ಮೇಲಿದ್ದರೆ ಪೇಸ್ಟ್ ಹೋಗಿದೆ ಎಂದು ಹೇಳಿ ಬೆಲೆ ಇಳಿಸಿ. ಪರದೆಯಲ್ಲಿ ಚುಕ್ಕೆ, ಬಣ್ಣದ ಚೌಕ ಕಂಡರೆ ಮೆಮೊರಿ ಚಿಪ್ ಕೆಟ್ಟಿದೆ, ಎಷ್ಟು ಕಡಿಮೆಗೆ ಕೊಟ್ಟರೂ ಬಿಟ್ಟುಬಿಡಿ.